ಪಾಠ ಬದಲಾದದ್ದನ್ನು ಹೆತ್ತವರಿಗೆ ಯಾರು ಹೇಳಿದರು?

ಶಾಲೆಯ ವಿಚಾರ ಬಂದಾಗಲೆಲ್ಲ ಈಗ ಒಂದು ವಾದ ತಯಾರಾಗಿಯೇ ಇರುತ್ತದೆ. ಶಿಕ್ಷಣವನ್ನು ಸರ್ಕಾರ ತನ್ನ ಮುಷ್ಟಿಯಲ್ಲಿ ಇಟ್ಟುಕೊಳ್ಳುವುದು ಮಾರ್ಕ್ಸ್‌ವಾದದಿಂದ ಬಂದ ಚಾಳಿ. ಪಠ್ಯಪುಸ್ತಕ ಸಮಿತಿಗಳಲ್ಲಿ ಕುಳಿತ ಎಡಪಂಥೀಯರು ಮಕ್ಕಳ ತಲೆಯಲ್ಲಿ ತಮ್ಮ ಸಿದ್ಧಾಂತ ಬಿತ್ತುತ್ತಾರೆ. ಮನೆತನದ ನಂಬಿಕೆ, ಮಠ-ಗುಡಿಗಳ ಮೇಲಿನ ಗೌರವ ಎಲ್ಲವೂ ತರಗತಿಯೊಳಗೆ ಸವೆದುಹೋಗುತ್ತವೆ. ಆದ್ದರಿಂದ ಮಗು ಏನು ಓದಬೇಕು, ಎಲ್ಲಿ ಓದಬೇಕು ಎಂಬುದನ್ನು ಹೆತ್ತವರೇ ತೀರ್ಮಾನಿಸಲಿ, ಸರ್ಕಾರ ಪಕ್ಕಕ್ಕೆ ಸರಿಯಲಿ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ತಾಲ್ಲೂಕುಗಳಲ್ಲಿ ಇದೇ ವಾದ ‘ನಮ್ಮ ಮಕ್ಕಳು, ನಮ್ಮಿಷ್ಟ’ ಎಂಬ ಮೂರು-ನಾಲ್ಕು ಪದಗಳಿಗೆ ಇಳಿಯುತ್ತದೆ. ಖಾಸಗಿ ಶಾಲೆಯ ಹಳದಿ ಬಸ್ಸು ಊರಬಾಗಿಲಿಗೆ ಬಂದು ನಿಲ್ಲುವುದಕ್ಕೂ ಈ ಮಾತಿಗೂ ನಂಟಿದೆ. ಇದರಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಒಂದೇ ಗಂಟಾಗಿ ಕೂತಿವೆ: ಮಾರ್ಕ್ಸ್‌ನ ವಿಚಾರ, ಸರ್ಕಾರದ ಹಿಡಿತ, ಹೆತ್ತವರ ಹಕ್ಕು. ಗಂಟು ಬಿಚ್ಚಿದರೆ ಮೂರಕ್ಕೂ ಒಂದಕ್ಕೊಂದು ಅಷ್ಟೇನೂ ಸಂಬಂಧವಿಲ್ಲ ಎಂಬುದು ಕಾಣುತ್ತದೆ ಎಂದು ನನ್ನ ಎಣಿಕೆ.

ಮೊದಲು ಈ ವಾದಕ್ಕೆ ಸಲ್ಲಬೇಕಾದ ನ್ಯಾಯ ಸಲ್ಲಿಸೋಣ. ಇದರ ಹಿಂದಿನ ಆತಂಕ ಸುಳ್ಳಲ್ಲ. ಹೊನ್ನಾಳಿಯ ಒಂದು ಸರ್ಕಾರಿ ಪ್ರೌಢಶಾಲೆಗೆ 2021-22ರಲ್ಲಿ ಎಂಟನೇ ತರಗತಿಗೆ ಸೇರಿದ ಮಗುವನ್ನು ಊಹಿಸಿಕೊಳ್ಳಿ. ಆ ವರ್ಷ ಅದರ ಕೈಯಲ್ಲಿದ್ದದ್ದು ಬರಗೂರು ರಾಮಚಂದ್ರಪ್ಪ ಸಮಿತಿ ಪರಿಷ್ಕರಿಸಿದ, 2017-18ರಿಂದ ಜಾರಿಯಲ್ಲಿದ್ದ ಪುಸ್ತಕ. ಒಂಬತ್ತಕ್ಕೆ ಬರುವಷ್ಟರಲ್ಲಿ ರೋಹಿತ್ ಚಕ್ರತೀರ್ಥ ಸಮಿತಿಯ ಮರುಪರಿಷ್ಕರಣೆ ಬಂದಿತ್ತು. ಹತ್ತನೇ ತರಗತಿಯ ಕನ್ನಡ ಪುಸ್ತಕಕ್ಕೆ ಆರೆಸ್ಸೆಸ್ ಸ್ಥಾಪಕ ಹೆಡಗೇವಾರ್ ಅವರ ಬರಹ ಸೇರಿತ್ತು. ಸಮಾಜ ವಿಜ್ಞಾನದಲ್ಲಿ ಬಸವಣ್ಣನವರನ್ನು ಚಿತ್ರಿಸಿದ ರೀತಿಗೆ ಮಠಾಧೀಶರೇ ತಕರಾರು ತೆಗೆದಿದ್ದರು. ದೇವನೂರ ಮಹಾದೇವ ತಮ್ಮ ಬರಹ ಬಳಸಲು ಕೊಟ್ಟಿದ್ದ ಒಪ್ಪಿಗೆಯನ್ನು ಹಿಂದಕ್ಕೆ ಪಡೆದಿದ್ದರು. ಅದೇ ಮಗು 2023ರ ಜೂನ್‌ನಲ್ಲಿ ಹತ್ತನೇ ತರಗತಿಗೆ ಕಾಲಿಟ್ಟಾಗ ಸರ್ಕಾರ ಬದಲಾಗಿತ್ತು. ಹೆಡಗೇವಾರ್, ಸಾವರ್ಕರ್ ಪಾಠಗಳನ್ನು ಬಿಡಬೇಕೆಂದು ಸಚಿವ ಸಂಪುಟ ತೀರ್ಮಾನಿಸಿತು. ಪುಸ್ತಕ ಅಷ್ಟರಲ್ಲಿ ಅಚ್ಚಾಗಿತ್ತು. ಯಾವ ಪಾಠ ಮಾಡಬೇಕು, ಯಾವುದನ್ನು ಬಿಡಬೇಕು ಎಂಬ ಪಟ್ಟಿ ಪ್ರತ್ಯೇಕವಾಗಿ ಬರಬೇಕಾಯಿತು. ಮೂರು ವರ್ಷ, ಮೂರು ಬಗೆಯ ಪಠ್ಯ. ಈ ಮೂರರಲ್ಲಿ ಯಾವುದು ಸರಿ ಎಂಬ ಜಗಳದಲ್ಲಿ ಎಲ್ಲರಿಗೂ ಒಂದೊಂದು ಪಕ್ಷ ಸಿಕ್ಕಿತು. ಆ ಮಗುವಿನ ತಾಯಿಗೆ ಮಾತ್ರ ಬದಲಾದ ಎರಡು ಸಲವೂ ಒಂದೇ ಅನುಭವ. ಪಾಠ ಬದಲಾದದ್ದು, ಬದಲಾದದ್ದಕ್ಕೆ ಕಾರಣ, ಬದಲಿಸಿದವರ ವಿಳಾಸ ಇದಾವುದೂ ಶಾಲೆಯ ಮೂಲಕ ಆಕೆಯನ್ನು ತಲುಪಲಿಲ್ಲ. ದೂರು ಇದು ಎಂದಾದರೆ ನಾನೂ ಅದಕ್ಕೆ ಸಹಿ ಹಾಕುತ್ತೇನೆ. ತೊಡಕಿರುವುದು ಈ ದೂರಿಗೆ ಹಚ್ಚುವ ಹೆಸರಿನಲ್ಲಿ, ಸೂಚಿಸುವ ಮದ್ದಿನಲ್ಲಿ.

ಹೆಸರಿನಿಂದ ಶುರು ಮಾಡೋಣ. 1848ರ ಕಮ್ಯುನಿಸ್ಟ್ ಪ್ರಣಾಳಿಕೆಯ ಹತ್ತನೇ ಬೇಡಿಕೆ ಎಲ್ಲ ಮಕ್ಕಳಿಗೂ ಉಚಿತ ಸಾರ್ವಜನಿಕ ಶಿಕ್ಷಣ ಮತ್ತು ಆ ಕಾಲದ ರೂಪದ ಬಾಲಕಾರ್ಮಿಕ ಪದ್ಧತಿಯ ರದ್ದತಿ. ಇದನ್ನಷ್ಟೇ ಓದಿದವರು ‘ನೋಡಿ, ಅಲ್ಲಿಂದಲೇ ಬಂತು’ ಎನ್ನಬಹುದು. ಆದರೆ 1875ರಲ್ಲಿ ಜರ್ಮನ್ ಸಮಾಜವಾದಿಗಳ ಗೋಥಾ ಕಾರ್ಯಕ್ರಮವನ್ನು ವಿಮರ್ಶಿಸುತ್ತ ಮಾರ್ಕ್ಸ್ ಬರೆದದ್ದು ಇದಕ್ಕೆ ಹೆಚ್ಚೂಕಮ್ಮಿ ತದ್ವಿರುದ್ಧ. ಶಾಲೆಗೆ ಬೇಕಾದ ಹಣ, ಶಿಕ್ಷಕರ ಅರ್ಹತೆ, ಕಲಿಸಬೇಕಾದ ವಿಷಯ ಇವುಗಳನ್ನು ಕಾನೂನಿನಿಂದ ಗೊತ್ತುಮಾಡಿ ತಪಾಸಣೆ ನಡೆಸುವುದು ಒಂದು, ಸರ್ಕಾರವನ್ನೇ ಜನರ ಗುರುವಾಗಿ ನೇಮಿಸುವುದು ಇನ್ನೊಂದು. ಎರಡನೆಯದು ಬೇಡವೇ ಬೇಡ, ಸರ್ಕಾರವನ್ನೂ ಚರ್ಚನ್ನೂ ಶಾಲೆಯ ಮೇಲಿನ ಪ್ರಭಾವದಿಂದ ಸಮನಾಗಿ ಹೊರಗಿಡಬೇಕು ಎಂಬುದು ಅವನ ನಿಲುವು. ಅದಕ್ಕೂ ಹದಿನಾರು ವರ್ಷ ಮೊದಲು, 1859ರಲ್ಲಿ, ಉದಾರವಾದಿ ಜಾನ್ ಸ್ಟುವರ್ಟ್ ಮಿಲ್ ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ: ಮಕ್ಕಳಿಗೆ ಶಿಕ್ಷಣ ಕೊಡಿಸಲೇಬೇಕೆಂದು ಸರ್ಕಾರ ಹೆತ್ತವರನ್ನು ಕಟ್ಟುಪಾಡಿಗೆ ಒಳಪಡಿಸಲಿ, ಆದರೆ ಶಿಕ್ಷಣವನ್ನು ತಾನೇ ನಡೆಸಲು ಹೋಗದಿರಲಿ, ಹೋದರೆ ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಾಗುತ್ತದೆ. ಬೇರೆ ಎಲ್ಲದರಲ್ಲೂ ಜಗಳವಾಡಬಹುದಾದ ಇಬ್ಬರು ಈ ಒಂದು ಭಯದಲ್ಲಿ ಒಂದಾಗಿದ್ದರು. ಇನ್ನು ಕನ್ನಡ ನಾಡಿನಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಮೊದಲು ಬಂದದ್ದು 1913ರ ಮೈಸೂರು ಸಂಸ್ಥಾನದಲ್ಲಿ, ಮಹಾರಾಜರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯ ದಿವಾನರಾಗಿದ್ದಾಗ. ಅವರಲ್ಲಿ ಮಾರ್ಕ್ಸ್‌ವಾದದ ವಾಸನೆ ಹುಡುಕುವವರಿಗೆ ಮೂಗು ತುಂಬ ಚುರುಕಿರಬೇಕು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 1922ರಲ್ಲಿ ಎಲ್ಲ ಮಕ್ಕಳೂ ಸರ್ಕಾರಿ ಶಾಲೆಗೇ ಹೋಗಬೇಕೆಂಬ ಕಾಯ್ದೆಗೆ ಒತ್ತಾಸೆಯಾಗಿ ನಿಂತವರಲ್ಲಿ ಕು ಕ್ಲಕ್ಸ್ ಕ್ಲಾನ್ ಇತ್ತು. ಕ್ಯಾಥೋಲಿಕ್ ಶಾಲೆಗಳನ್ನು ಮುಚ್ಚಿಸುವುದು ಅದರ ಉದ್ದೇಶ. 1925ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಹೊಡೆದುಹಾಕಿತು. ಶಾಲೆಯ ಮೇಲಿನ ಏಕಸ್ವಾಮ್ಯ ಎಡ, ಬಲ, ರಾಜ, ಪ್ರಜೆ ಯಾರಿಗೂ ಕಹಿಯಲ್ಲ. ಅಧಿಕಾರ ಕೈಯಲ್ಲಿದ್ದವರಿಗೆಲ್ಲ ಅದು ಸಿಹಿಯೇ.

ಮಾರ್ಕ್ಸ್ ಏನೇ ಬರೆದಿರಲಿ, ಅವನ ಹೆಸರಿನಲ್ಲಿ ಆಳಿದವರು ಮಾಡಿದ್ದೇನು ಎಂದು ಕೇಳಬಹುದು. ಕೇಳಲೇಬೇಕು. ಸೋವಿಯತ್ ಒಕ್ಕೂಟದಲ್ಲಿ 1938ರಲ್ಲಿ ಸ್ಟಾಲಿನ್ ಉಸ್ತುವಾರಿಯಲ್ಲಿ ಹೊರಬಂದ ಪಕ್ಷದ ಸಂಕ್ಷಿಪ್ತ ಇತಿಹಾಸ ಒಂದು ತಲೆಮಾರಿಗೇ ಪಂಚಾಂಗವಾಯಿತು. ಅದಕ್ಕೆ ಹೊರತಾದ ಇತಿಹಾಸ ಹೇಳಿದ ಮೇಷ್ಟ್ರಿಗೆ ಉಳಿಗಾಲವಿರಲಿಲ್ಲ. ಆದರೆ ಅಲ್ಲಿ ಕೆಟ್ಟದ್ದು ಪುಸ್ತಕವನ್ನು ಸರ್ಕಾರ ಅಚ್ಚು ಹಾಕಿಸಿದ್ದರಿಂದಲ್ಲ, ಅದನ್ನು ಪ್ರಶ್ನಿಸುವ ಪತ್ರಿಕೆ, ಪಕ್ಷ, ನ್ಯಾಯಾಲಯ, ಪೋಷಕರ ಸಭೆ ಯಾವುದೂ ಇಲ್ಲದ್ದರಿಂದ. ಪಕ್ಕದ ಕೇರಳವನ್ನೇ ನೋಡಿ. 1957ರಲ್ಲಿ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಕಮ್ಯುನಿಸ್ಟ್ ಸರ್ಕಾರ, ಶಿಕ್ಷಣ ಸಚಿವ ಜೋಸೆಫ್ ಮುಂಡಶ್ಶೇರಿ ಅವರ ಮೂಲಕ ತಂದ ಶಿಕ್ಷಣ ಮಸೂದೆ ದೇಶವನ್ನೇ ಅಲುಗಿಸಿತು. ರಾಷ್ಟ್ರಪತಿ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು; 1958ರಲ್ಲಿ ನ್ಯಾಯಾಲಯ ಅಲ್ಪಸಂಖ್ಯಾತ ಸಂಸ್ಥೆಗಳ ಹಕ್ಕಿಗೆ ಧಕ್ಕೆ ತರುವ ಕಲಮುಗಳನ್ನು ಬೊಟ್ಟು ಮಾಡಿ ತೋರಿಸಿತು; ಸರ್ಕಾರದ ವಿರುದ್ಧ ‘ವಿಮೋಚನಾ ಸಮರ’ ನಡೆಯಿತು; 1959ರ ಜುಲೈ 31ರಂದು ಸರ್ಕಾರವೇ ವಜಾ ಆಯಿತು. ಅಷ್ಟು ದೊಡ್ಡ ಗಲಭೆಗೆ ಕಾರಣವಾದ ಮಸೂದೆಯ ಒಂದು ತಿರುಳೆಂದರೆ ಖಾಸಗಿ ಆಡಳಿತದ ಅನುದಾನಿತ ಶಾಲೆಯ ಶಿಕ್ಷಕರಿಗೆ ಸರ್ಕಾರವೇ ನೇರವಾಗಿ ಸಂಬಳ ಕೊಡುವುದು, ನೇಮಕಕ್ಕೆ ನಿಯಮ ಹಾಕುವುದು. ಇಂದು ಮಧ್ಯ ಕರ್ನಾಟಕದ ಮಠಗಳೂ ವಿದ್ಯಾಸಂಸ್ಥೆಗಳೂ ನಡೆಸುವ ಅನುದಾನಿತ ಶಾಲೆಗಳ ಮೇಷ್ಟ್ರಿಗೆ ಸಂಬಳ ಬರುವುದು ಸರ್ಕಾರದ ಖಜಾನೆಯಿಂದಲೇ, ನೇಮಕಕ್ಕೆ ಅನುಮತಿ ಬೇಕಾಗಿರುವುದು ಸರ್ಕಾರದಿಂದಲೇ. ಅದನ್ನು ಮಾರ್ಕ್ಸ್‌ವಾದ ಎಂದು ಯಾರೂ ಕರೆಯುವುದಿಲ್ಲ; ಅನುದಾನ ತಡವಾದರೆ ಧರಣಿ ಕೂರುತ್ತಾರೆ.

ಪಠ್ಯದಿಂದ ಸಿದ್ಧಾಂತ ಹರಡುತ್ತದೆ ಎಂಬ ನಂಬಿಕೆಯನ್ನು ಪರೀಕ್ಷಿಸಲು ದಾವಣಗೆರೆಗಿಂತ ಒಳ್ಳೆಯ ಜಾಗ ಸಿಗಲಾರದು. ಹತ್ತಿ ಗಿರಣಿಗಳ ಕಾರಣಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಈ ಊರು 1978, 1983, 1985ರಲ್ಲಿ, ಸತತ ಮೂರು ಸಲ, ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ವಿಧಾನಸಭೆಗೆ ಕಳಿಸಿತು. ಅವರಿಗೆ ಓಟು ಹಾಕಿದ ತಲೆಮಾರು ಓದಿದ್ದು ಯಾವ ಪುಸ್ತಕ? ಮಹಾರಾಜರ ಕಾಲದ್ದು, ಆಮೇಲೆ ಕಾಂಗ್ರೆಸ್ ಸರ್ಕಾರಗಳದ್ದು. ಅದರಲ್ಲಿ ವರ್ಗ ಸಂಘರ್ಷದ ಪಾಠವನ್ನು ಯಾರೂ ಇಟ್ಟಿರಲಿಲ್ಲ. ಕೆಂಬಾವುಟ ಇಲ್ಲಿಗೆ ಬಂದದ್ದು ಗಿರಣಿ ಗೇಟಿನಿಂದ: ಪಾಳಿಯ ಸೈರನ್, ಬೋನಸ್ಸಿನ ತಕರಾರು, ಯೂನಿಯನ್ನಿನ ಚಂದಾ ರಸೀದಿ. ಅದು ಹೋದದ್ದೂ ಹಾಗೆಯೇ. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಕಾರ್ಮಿಕರು ಚದುರಿದರು, ಪಕ್ಷ ಸೊರಗಿತು. ಯಾವ ಪಠ್ಯ ಪರಿಷ್ಕರಣಾ ಸಮಿತಿಯೂ ಅದನ್ನು ಓಡಿಸಲಿಲ್ಲ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಸಮಾಜವಾದಿಯಾದದ್ದೂ ರಾಜರ ಕಾಲದ ಶಾಲೆಯ ಸಿಲಬಸ್ಸಿನಿಂದಲ್ಲ. 1967ರಲ್ಲಿ ಲೋಕಸಭೆಗೆ ಹೋಗಿ ಕನ್ನಡದಲ್ಲಿ ಮಾತಾಡಬೇಕೆಂಬ ಧೈರ್ಯವನ್ನು ಯಾವ ಪಾಠದ ಕೊನೆಯ ಪ್ರಶ್ನೋತ್ತರವೂ ಅವರಿಗೆ ಕೊಟ್ಟಿರಲಾರದು. ರಷ್ಯಾ ಕ್ರಾಂತಿಯ ಬಗ್ಗೆ ಎರಡು ಅಂಕದ ಉತ್ತರ ಬರೆದ ಮಗು ಕ್ರಾಂತಿಕಾರಿಯಾಗುವುದಾದರೆ, ಬುದ್ಧನ ಮೇಲೆ ನಾಲ್ಕು ಅಂಕದ ಉತ್ತರ ಬರೆದವರೆಲ್ಲ ಭಿಕ್ಷುಗಳಾಗಬೇಕಿತ್ತು. ಪಠ್ಯಕ್ಕೆ ಶಕ್ತಿಯೇ ಇಲ್ಲ ಎನ್ನುತ್ತಿಲ್ಲ. ಯಾರ ಹೆಸರು ಮಗುವಿಗೆ ಪರಿಚಯವಾಗಬೇಕು, ಯಾರದು ಆಗಬಾರದು ಎಂಬುದನ್ನು ಅದು ಖಂಡಿತ ನಿರ್ಧರಿಸುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಅದಕ್ಕೆ ಅಂಟಿಸುವುದು ಎರಡೂ ಬಣಗಳು ಸೇರಿ ಸಾಕಿಕೊಂಡು ಬಂದ ಭ್ರಮೆ.

ಇನ್ನು ಹೆತ್ತವರ ಹಕ್ಕು. ಕಾನೂನಿನಲ್ಲಿ ಇದಕ್ಕೆ ಗಟ್ಟಿ ನೆಲೆಯಿದೆ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 26ನೇ ವಿಧಿ ಮಗುವಿನ ಶಿಕ್ಷಣದ ಬಗೆಯನ್ನು ಆರಿಸುವ ಮೊದಲ ಹಕ್ಕು ಹೆತ್ತವರದು ಎನ್ನುತ್ತದೆ. ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದ ಕರ್ನಾಟಕದ 1994ರ ಆದೇಶವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ 6ರಂದು ತಳ್ಳಿಹಾಕಿದಾಗಲೂ, ಮಗುವಿನ ಪರವಾಗಿ ಮಾಧ್ಯಮ ಆರಿಸುವ ಸ್ವಾತಂತ್ರ್ಯ ಹೆತ್ತವರದೆಂದು ಹೇಳಿತು. ಆದರೆ ಈ ಹಕ್ಕು ಜಗಳೂರಿನ ಒಂದು ಮಳೆಯಾಶ್ರಿತ ಹಳ್ಳಿಗೆ ಬಂದಾಗ ಏನಾಗುತ್ತದೆ? ಫೀಸು ಕಟ್ಟಬಲ್ಲವನಿಗೆ, ಬಸ್ಸು ಬರುವ ಊರಿನವನಿಗೆ ಅದು ಹಕ್ಕು. ಮಳೆ ಕೈಕೊಟ್ಟ ವರ್ಷ ಮೆಕ್ಕೆಜೋಳದ ಸಾಲ ತೀರಿಸುತ್ತಿರುವವನಿಗೆ ಅದು ಸುದ್ದಿ. ಬಡವರಿಗೂ ಆ ಆಯ್ಕೆಯ ಒಂದು ಕಿಂಡಿ ತೆರೆದದ್ದು ಶಿಕ್ಷಣ ಹಕ್ಕು ಕಾಯ್ದೆಯ ಶೇ. 25ರ ಸೀಟು. 2019ರ ಆರಂಭದಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟಿಲ್ಲ ಎಂದಿತು. ಅದೇ ವರ್ಷ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸರ್ಕಾರಿ ಶಾಲೆ ಉಳಿಯಲಿ ಎಂಬ ಅದರ ಹಿಂದಿನ ಕಾಳಜಿಯನ್ನು ನಾನು ಒಪ್ಪುತ್ತೇನೆ. ಆದರೂ ಲೆಕ್ಕ ನೋಡಿ: ಐದು ವರ್ಷದ ಅಂತರದಲ್ಲಿ ದುಡ್ಡಿದ್ದ ಪೋಷಕರಿಗೆ ಆಯ್ಕೆ ಗಟ್ಟಿಯಾಯಿತು, ದುಡ್ಡಿಲ್ಲದವರಿಗೆ ಸಡಿಲವಾಯಿತು. ‘ಸರ್ಕಾರದ ಹಿಡಿತ’ದ ವಿರುದ್ಧ ಗಂಟಲು ಹರಿದುಕೊಳ್ಳುವವರಲ್ಲಿ ಈ ಎರಡನೆಯ ಸಂಗತಿಗೆ ದನಿ ಎತ್ತಿದವರು ಎಷ್ಟು ಮಂದಿ?

ಇಲ್ಲೇ ವಾದದ ಒಳಬಿರುಕು ಕಾಣಿಸಿಕೊಳ್ಳುತ್ತದೆ. 2017ರಲ್ಲಿ ಕೇರಳದ ಎಡರಂಗ ಸರ್ಕಾರ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡ ಪೋಷಕರು ಬೀದಿಗಿಳಿದರು. ಮಗುವಿನ ಭಾಷೆ ಆರಿಸುವುದು ಮನೆಯ ಹಕ್ಕು, ಸರ್ಕಾರದ್ದಲ್ಲ ಎಂದರು. ಕರ್ನಾಟಕದಲ್ಲಿ ಅದಕ್ಕೆ ಪಕ್ಷಭೇದವಿಲ್ಲದೆ ಬೆಂಬಲ ಸಿಕ್ಕಿತು. ಅದಕ್ಕೆ ಎರಡೇ ವರ್ಷ ಮೊದಲು, 2015ರಲ್ಲಿ, ಇದೇ ಕರ್ನಾಟಕ ತನ್ನ ಕನ್ನಡ ಭಾಷಾ ಕಲಿಕೆ ಕಾಯ್ದೆ ಮಾಡಿಕೊಂಡಿತ್ತು. ಅದರ ವಿರುದ್ಧ ಹೈಕೋರ್ಟ್ ಮೆಟ್ಟಿಲೇರಿದ ಪೋಷಕರು ಆಡಿದ ಮಾತು ಕಾಸರಗೋಡಿನವರ ಮಾತೇ. ನಮಗದು ರುಚಿಸಲಿಲ್ಲ. ಅಲ್ಪಸಂಖ್ಯಾತ ಭಾಷಿಕರ ಮೇಲೆ ಹೇರುವುದೂ ನೆಲದ ಭಾಷೆಯನ್ನು ಕಲಿಸುವುದೂ ಒಂದೇ ಅಲ್ಲ ಎಂದು ನಾವು ಉತ್ತರಿಸಬಹುದು, ಅದರಲ್ಲಿ ಹುರುಳೂ ಇದೆ. ಆದರೆ ಆಗ ನಾವು ಹೆತ್ತವರ ಹಕ್ಕಿನ ಮಾತು ಬಿಟ್ಟು ಬೇರೆ ತತ್ತ್ವಕ್ಕೆ ಜಿಗಿದಿರುತ್ತೇವೆ ಎಂಬುದನ್ನು ಒಪ್ಪಬೇಕು. ಹಿಜಾಬ್ ವಿವಾದದ ನಡುವೆ ಬಂದ 2022ರ ಫೆಬ್ರುವರಿಯ ಸಮವಸ್ತ್ರ ಆದೇಶದ ವೇಳೆ ‘ಮನೆಯ ನಂಬಿಕೆ ಮನೆಯಲ್ಲಿರಲಿ, ಶಾಲೆಯಲ್ಲಿ ಸರ್ಕಾರದ ನಿಯಮ’ ಎಂದವರಲ್ಲಿ ಬಹಳಷ್ಟು ಜನ ಪಠ್ಯದ ವಿಚಾರದಲ್ಲಿ ಮನೆಯ ನಂಬಿಕೆಯ ವಕೀಲರು. ಅಂದು ಹುಡುಗಿಯರ ಆಯ್ಕೆಯ ಪರ ನಿಂತವರಲ್ಲಿ ಅನೇಕರು ಮಾಧ್ಯಮದ ವಿಷಯದಲ್ಲಿ ಸರ್ಕಾರದ ಕಡ್ಡಾಯವನ್ನು ಬೇಡುವವರು. ಎರಡೂ ಕಡೆ ಪೋಷಕರ ಹಕ್ಕು ತತ್ತ್ವವಾಗಿ ಬಳಕೆಯಾಗಲಿಲ್ಲ, ಕೊಡೆಯಾಗಿ ಬಳಕೆಯಾಯಿತು. ಮಳೆ ಬಂದಾಗ ಬಿಚ್ಚುವುದು, ಬಿಸಿಲಾದಾಗ ಮಡಚುವುದು.

ಹಕ್ಕಿನ ಮಿತಿಯನ್ನೂ ನೋಡಬೇಕು. ಲಂಬಾಣಿಗರ ಸಂತ ಸೇವಾಲಾಲರ ಜನ್ಮಸ್ಥಳವೆಂದು ನಂಬಲಾದ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲಿ. ಸುತ್ತಮುತ್ತ ಲಂಬಾಣಿ ತಾಂಡಾಗಳಿವೆ. ದುಡಿಮೆ ಅರಸಿ ಕಾಫಿ ತೋಟಕ್ಕೋ ಕಬ್ಬಿನ ಗದ್ದೆಗೋ ಹೊರಡುವ ತಾಂಡಾದ ಕುಟುಂಬ ಹನ್ನೊಂದರ ಮಗಳನ್ನು ತಮ್ಮನನ್ನು ನೋಡಿಕೊಳ್ಳಲೆಂದು ಜತೆಗೆ ಒಯ್ದರೆ, ಅದು ಹೆತ್ತವರ ಆಯ್ಕೆಯೇ. ಹಾಜರಿ ಪುಸ್ತಕ ಹಿಡಿದು ಹುಡುಕಿಕೊಂಡು ಬರುವ ಮೇಷ್ಟ್ರು ಆ ಆಯ್ಕೆಯ ಎದುರು ನಿಲ್ಲುತ್ತಾರೆ, ನಿಲ್ಲಬೇಕು. 86ನೇ ತಿದ್ದುಪಡಿ 2002ರಲ್ಲಿ ಸಂವಿಧಾನಕ್ಕೆ ಸೇರಿಸಿದ್ದು ಮಗುವಿನ ಹಕ್ಕನ್ನು ಮತ್ತು ಹೆತ್ತವರ ಕರ್ತವ್ಯವನ್ನು, ಹೆತ್ತವರ ಒಡೆತನವನ್ನಲ್ಲ. ಆ ಮಗಳಿಗೆ ಶಾಲೆಯ ಕನ್ನಡವೂ ಮನೆಯ ಭಾಷೆಯಲ್ಲ ಎಂಬುದನ್ನು ಇಲ್ಲಿ ಸೇರಿಸಬೇಕು. ಮಾತೃಭಾಷಾ ಮಾಧ್ಯಮದ ಮೂವತ್ತು ವರ್ಷದ ವ್ಯಾಜ್ಯದಲ್ಲಿ ಆಕೆಯ ಮಾತೃಭಾಷೆ ಎಲ್ಲೂ ಕೇಳಿಬರಲಿಲ್ಲ. ಹಾಗಾದರೆ ಹೆತ್ತವರ ಮಾತು ಎಲ್ಲಿ ನಡೆಯಬೇಕು? ಸಂವಿಧಾನವೇ ಒಂದು ಗೆರೆ ಎಳೆದಿದೆ. 28ನೇ ವಿಧಿಯ ಮೂರನೇ ಖಂಡದ ಪ್ರಕಾರ, ಮಾನ್ಯತೆ ಪಡೆದ ಅಥವಾ ಅನುದಾನದ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ ಮಗುವನ್ನು ಕೂರಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು. ಇತಿಹಾಸಕ್ಕೆ, ಗಣಿತಕ್ಕೆ, ಜೀವವಿಕಾಸದ ಪಾಠಕ್ಕೆ ಬೇಕಿಲ್ಲ. 1986ರಲ್ಲಿ ರಾಷ್ಟ್ರಗೀತೆ ಹಾಡದೆ ಗೌರವದಿಂದ ಎದ್ದು ನಿಂತಿದ್ದ ಕೇರಳದ ಮೂವರು ಮಕ್ಕಳನ್ನು ಶಾಲೆಗೆ ಮರಳಿ ಸೇರಿಸಿಕೊಳ್ಳಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದೂ ಇದೇ ಗೆರೆಯ ಮೇಲೆ. ಮನಸ್ಸಾಕ್ಷಿಯ ವಿಷಯದಲ್ಲಿ ವಿನಾಯಿತಿ, ಅರಿವಿನ ವಿಷಯದಲ್ಲಿ ಇಲ್ಲ. ಬಿಸಿಯೂಟದ ತಟ್ಟೆಯಲ್ಲಿ ಈ ಗೆರೆ ಆಗಲೇ ಜಾರಿಯಾಗಿದೆ: ಮೊಟ್ಟೆ ತಿನ್ನುವ ಮಗುವಿಗೆ ಮೊಟ್ಟೆ, ಒಲ್ಲದ ಮನೆಯ ಮಗುವಿಗೆ ಬಾಳೆಹಣ್ಣು. ಯಾವ ಮನೆಯ ನಂಬಿಕೆಯೂ ಪಕ್ಕದ ತಟ್ಟೆಯ ಮೊಟ್ಟೆಯನ್ನು ಎತ್ತಿಸುವಂತಿಲ್ಲ.

ಈಗ ಅತಿ ಗಟ್ಟಿಯಾದ ಆಕ್ಷೇಪಕ್ಕೆ ಬರೋಣ. ಹೆತ್ತವರು ತಪ್ಪು ಮಾಡಿದರೆ ಒಂದು ಮಗು ನವೆಯುತ್ತದೆ; ಪಠ್ಯ ಸಮಿತಿ ತಪ್ಪು ಮಾಡಿದರೆ ಇಡೀ ರಾಜ್ಯದ ಮಕ್ಕಳು. ಆದ್ದರಿಂದ ಅಧಿಕಾರ ಚದುರಿದಷ್ಟೂ ಕ್ಷೇಮ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಚದುರಿಸಲು ಎರಡು ದಾರಿಗಳಿವೆ. ಒಂದು, ಶಾಲೆ ಬಿಟ್ಟು ಹೊರಡುವುದು. ಇನ್ನೊಂದು, ಶಾಲೆಯೊಳಗೆ ಕೂತು ಕೇಳುವುದು. ಮೊದಲನೆಯದು ದುಡ್ಡಿದ್ದವರದು, ಅಲ್ಲಿ ಹೋದ ಮೇಲೂ ಪುಸ್ತಕ ಯಾರದೋ ಪ್ರಕಾಶಕರದು, ಅದನ್ನು ಆರಿಸಿದ್ದು ಆಡಳಿತ ಮಂಡಳಿ, ಪ್ರಶ್ನೆ ಕೇಳಿದ ಪೋಷಕರಿಗೆ ಟಿ.ಸಿ. ತೋರಿಸುವುದು ಸುಲಭ. ಎರಡನೆಯದಕ್ಕೆ ನಮ್ಮಲ್ಲಿ ಚೌಕಟ್ಟು ಇದೆ. 2001ರಲ್ಲಿ ರಾಜಾ ರಾಮಣ್ಣ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಹುಟ್ಟಿದವು. 2009ರ ಕಾಯ್ದೆ ಇಂಥ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದಿತು. ಎಸ್‌ಡಿಎಂಸಿ ಸಭೆಯ ನಡಾವಳಿ ಪುಸ್ತಕ ತೆರೆದರೆ ಸಿಲಿಂಡರ್, ಹಾಲಿನ ಪುಡಿ, ಕಾಂಪೌಂಡು, ಶೌಚಾಲಯದ ಬಾಗಿಲು, ಸ್ವಾತಂತ್ರ್ಯ ದಿನಕ್ಕೆ ಸಿಹಿ ಕೊಡುವವರ ಹೆಸರು ಸಿಗುತ್ತವೆ. ಪಾಠದ ಬಗ್ಗೆ ಒಂದು ಸಾಲು ಸಿಗುವುದು ಅಪರೂಪ, ಏಕೆಂದರೆ ಆ ಅಧಿಕಾರವನ್ನು ಅದಕ್ಕೆ ಯಾರೂ ಕೊಟ್ಟಿಲ್ಲ. ಕೊಡಬಹುದಾದದ್ದು ದೊಡ್ಡದೇನಲ್ಲ:

1. ಯಾವ ತರಗತಿಯ ಯಾವ ಪಾಠ ಸೇರಿದೆ, ಯಾವುದು ಬಿಟ್ಟಿದೆ, ಏಕೆ ಎಂಬ ಕಾರಣಸಹಿತ ಪಟ್ಟಿ, ಪುಸ್ತಕ ಅಚ್ಚಿಗೆ ಹೋಗುವ ಮೊದಲೇ ಪ್ರತಿ ಶಾಲೆಯ ಸಮಿತಿಗೆ ಬರಬೇಕು.

2. ಸಮಿತಿ ಬರೆದು ಕಳಿಸಿದ ಪ್ರಶ್ನೆಗೆ ಪಠ್ಯ ಸಮಿತಿ ಬರೆದು ಉತ್ತರಿಸಬೇಕು. ಉತ್ತರ ಸಾರ್ವಜನಿಕವಾಗಿರಬೇಕು.

3. ಒಮ್ಮೆ ಒಪ್ಪಿದ ಪುಸ್ತಕ, ತಪ್ಪು ಮಾಹಿತಿಯ ತಿದ್ದುಪಡಿ ಹೊರತು, ಕನಿಷ್ಠ ಐದು ವರ್ಷ ಬದಲಾಗಬಾರದು. ಅಂದರೆ ಒಂದು ಚುನಾವಣೆಯ ಫಲಿತಾಂಶ ಮುಂದಿನ ಜೂನ್‌ನ ಪುಸ್ತಕವಾಗಬಾರದು.

ಗಮನಿಸಿ, ಇದರಲ್ಲಿ ಪಾಠ ತೆಗೆಸುವ ಅಧಿಕಾರ ಇಲ್ಲ. ಬೇಕೆಂದೇ ಬಿಟ್ಟಿದ್ದೇನೆ. ಹಳ್ಳಿಯ ಸಮಿತಿಯಲ್ಲಿ ಯಾರ ದನಿ ಜೋರು ಎಂಬುದು ಎಲ್ಲರಿಗೂ ಗೊತ್ತು. ಪಾಠ ತೆಗೆಸುವ ಅಧಿಕಾರ ಕೊಟ್ಟರೆ ಅಂಬೇಡ್ಕರ್ ಪಾಠವನ್ನೋ ಅಸ್ಪೃಶ್ಯತೆಯ ಪಾಠವನ್ನೋ ಮೊದಲು ಕೈಬಿಡುವ ಊರುಗಳಿಗೆ ಕೊರತೆಯಾಗದು. ‘ಪೋಷಕರು’ ಎಂಬುದು ಒಂದೇ ಮನೆಯಲ್ಲ, ಕೇರಿ ಕೇರಿಗೆ ಒಡೆದ ಸಮೂಹ. ಹೆತ್ತವರ ಹಕ್ಕೆಂದು ದನಿ ಎತ್ತುವವರು ಯಾವ ಕೇರಿಯ ಹೆತ್ತವರ ಬಗ್ಗೆ ಮಾತಾಡುತ್ತಿದ್ದಾರೆ ಎಂದು ಕೇಳುವ ಅಭ್ಯಾಸ ನಮಗಿಲ್ಲ.

ಕೊನೆಯ ಆಕ್ಷೇಪ ಇಲಾಖೆಯ ಕಡೆಯಿಂದ ಬರುವಂಥದ್ದು: ಅಡಿಕೆ, ಭತ್ತ ಬೆಳೆಯುವವರಿಗೆ ಪಠ್ಯಕ್ರಮದ ಸೂಕ್ಷ್ಮ ಏನು ತಿಳಿದೀತು? ಚನ್ನಗಿರಿಯಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಘ ತುಮ್ಕೋಸ್ ಇದೆ. ಇಂಥ ಸಂಘಗಳ ಸರ್ವ ಸದಸ್ಯರ ಸಭೆಯಲ್ಲಿ ಮುದ್ರಿತ ವರದಿ ಕೈಗೆ ಬರುತ್ತದೆ. ಯಾವ ಖರ್ಚು ಏಕೆ ಏರಿತು ಎಂದು ಬೆಳೆಗಾರ ಎದ್ದು ನಿಂತು ಕೇಳುತ್ತಾನೆ. ವೇದಿಕೆಯ ಮೇಲಿದ್ದವರು ಉತ್ತರ ಹೇಳದೆ ಮುಂದಿನ ವಿಷಯಕ್ಕೆ ಹೋಗುವಂತಿಲ್ಲ. ಲೆಕ್ಕಪರಿಶೋಧನೆ ಓದಿದವನೇ ಆತ ಎಂದು ಅಲ್ಲಿ ಯಾರೂ ವಿಚಾರಿಸುವುದಿಲ್ಲ. ಅದೇ ಮನುಷ್ಯ ಮಗಳ ಶಾಲೆಯ ಸಭೆಗೆ ಬಂದರೆ ಸಿಗುವುದು ಒಂದು ಕುರ್ಚಿ, ಒಂದು ಲೋಟ ಚಹಾ, ಸಹಿ ಹಾಕಬೇಕಾದ ಒಂದು ಪುಟ.